ಕಂತಿಗೆ ವಾರ, ಅಡಿಕೆಗೆ ವರ್ಷ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಒಂದು ಗ್ರಂಥಾಲಯದ ಜಗಲಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಅರ್ಧಕ್ಕರ್ಧ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ಎರಡು ಕಡೆ ಬಿಡಿಸಿ ಬರೆದಿದ್ದೇನೆ.)

ಈ ಕಾರ್ಯಕ್ರಮ ಮೊದಲು ಸೋಮವಾರಕ್ಕೆ ಅಂತ ಇತ್ತು. ಕಾರ್ಯದರ್ಶಿಯವರು ಎರಡು ದಿನ ಬಿಟ್ಟು ಫೋನ್ ಮಾಡಿ, "ಸೋಮವಾರ ಬೇಡ, ಆ ದಿನ ಹೆಂಗಸರು ಯಾರೂ ಬರಲಿಕ್ಕಿಲ್ಲ, ಕಂತಿನ ದಿನ" ಅಂದರು. ನಾನು ಮಾತಾಡಬೇಕಾದ ವಿಷಯ ಸಣ್ಣ ಸಾಲ ಮತ್ತು ಬಡತನ. ಸಣ್ಣ ಸಾಲದ ದೆಸೆಯಿಂದಲೇ ಸಣ್ಣ ಸಾಲದ ಭಾಷಣ ಮುಂದಕ್ಕೆ ಹೋಯಿತು. ಅಲ್ಲಿಗೆ ನನ್ನ ಮಾತಿನ ಅರ್ಧ ಭಾಗವನ್ನು ಅವರೇ ಫೋನಿನಲ್ಲಿ ಹೇಳಿ ಮುಗಿಸಿದ ಹಾಗಾಯಿತು.

ಅಧ್ಯಕ್ಷರು ನನ್ನನ್ನು ಆರ್ಥಿಕ ತಜ್ಞ ಅಂದರು. ಅದು ಅವರ ದೊಡ್ಡ ಮನಸ್ಸು. ನಾನು ಒಂದು ಸಹಕಾರಿ ಸೊಸೈಟಿಯಲ್ಲಿ 31 ವರ್ಷ ಸಾಲದ ಮೇಜಿನ ಹಿಂದೆ ಕೂತು ಎದ್ದವನು. ಅರ್ಜಿಯಲ್ಲಿ "ಸಾಲದ ಉದ್ದೇಶ" ಅಂತ ಒಂದು ಗೆರೆ ಇರುತ್ತದಲ್ಲ, ಅದರಲ್ಲಿ ಜನ ಎಂತ ಬರೆಸುತ್ತಾರೆ, ದುಡ್ಡು ನಿಜಕ್ಕೂ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಷ್ಟು ವರ್ಷ ನೋಡಿದ್ದೇನೆ. ಆ ಗೆರೆಯ ಬಗ್ಗೆ ಆಮೇಲೆ ಹೇಳುತ್ತೇನೆ.

ಸಣ್ಣ ಸಾಲದಿಂದ ಬಡತನ ಹೋಗುತ್ತದೋ ಅಂತ ಕೇಳಿದರೆ, ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಹೋಗುವುದಿಲ್ಲ. ಹಾಗಂತ ಸಾಲವೇ ಇಲ್ಲದಿದ್ದರೆ ಎಷ್ಟೋ ಮನೆ ಮಳೆಗಾಲದ ಆಟಿ ತಿಂಗಳು ದಾಟುತ್ತಿರಲಿಲ್ಲ, ಅದೂ ನಿಜ. ಒಂದೇ ಮೊತ್ತದ ಸಾಲ ಒಂದು ಮನೆಯನ್ನು ದಾಟಿಸುತ್ತದೆ, ಪಕ್ಕದ ಮನೆಯನ್ನು ಮುಳುಗಿಸುತ್ತದೆ. ಯಾಕೆ ಹೀಗೆ ಅಂತ ಹುಡುಕಿದರೆ ನನಗೆ ಬಹಳ ಸಲ ಸಿಕ್ಕಿದ್ದು ಬಡ್ಡಿಯಲ್ಲ, ಕಂತು. ಮನೆಗೆ ದುಡ್ಡು ಬರುವ ದಿನ ಬೇರೆ, ಮನೆಯಿಂದ ದುಡ್ಡು ಹೋಗುವ ದಿನ ಬೇರೆ.

ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಹೇಳುವ ಕಥೆ ಬಾಂಗ್ಲಾದೇಶದ್ದು. ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದಲ್ಲಿ ಜೋಬ್ರಾ ಅಂತ ಒಂದು ಹಳ್ಳಿ. 1976ರಲ್ಲಿ ಅಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ ಮುಹಮ್ಮದ್ ಯೂನುಸ್ ಆ ಹಳ್ಳಿಯಲ್ಲಿ ಸಾಹುಕಾರರ ಸಾಲದಲ್ಲಿ ಸಿಕ್ಕಿಕೊಂಡವರ ಪಟ್ಟಿ ಮಾಡಿಸಿದರು. 42 ಜನ. ಅವರೆಲ್ಲರ ಒಟ್ಟು ಸಾಲ 856 ಟಾಕಾ, ಆಗಿನ ಲೆಕ್ಕದಲ್ಲಿ 27 ಡಾಲರ್. ಬಿದಿರಿನ ಮೊಡ, ಅಂದರೆ ಕೂರುವ ಸ್ಟೂಲು, ಹೆಣೆಯುವ ಹೆಂಗಸರು ಬಿದಿರಿಗೆ ಮುಂಗಡ ತೆಗೆದುಕೊಂಡ ತಪ್ಪಿಗೆ ಹೆಣೆದ ಮೊಡವನ್ನು ಅದೇ ಸಾಹುಕಾರನಿಗೆ, ಅವನು ಹೇಳಿದ ರೇಟಿಗೆ ಕೊಡಬೇಕಿತ್ತು. ಯೂನುಸ್ ಕಿಸೆಯಿಂದ ದುಡ್ಡು ಕೊಟ್ಟು ಅವರನ್ನು ಬಿಡಿಸಿದರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಬ್ಯಾಂಕಿಗೂ ಅವರಿಗೂ ಸೇರಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಐದು ಜನರ ಗುಂಪು, ಅಡವಿಲ್ಲದ ಸಾಲ, ಒಂದು ವರ್ಷದ ಅವಧಿ, ವಾರ ವಾರ ಕಂತು. ನಮ್ಮ ಊರಿನ ಸೋಮವಾರ ಹುಟ್ಟಿದ್ದು ಅಲ್ಲಿ.

ಕಥೆ ಒಳ್ಳೆಯದೇ. ಆದರೆ ಸಣ್ಣ ದುಡ್ಡಿನ ವ್ಯವಹಾರ ನಮಗೆ ಬಾಂಗ್ಲಾದಿಂದ ಬಂತು ಅಂತ ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸೊಸೈಟಿ ಕಟ್ಟಿದರು. ನಮ್ಮ ಕಡೆ ಪುತ್ತೂರಿನ ಮೊಳಹಳ್ಳಿ ಶಿವರಾಯರು ಆ ಕೆಲಸ ಮಾಡಿದರು. ನೆನಪಿಡಿ, 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಆ ಪರಂಪರೆ ನಮ್ಮದೂ ಹೌದು.

ಅದಕ್ಕಿಂತ ನನಗೆ ಹತ್ತಿರದ್ದು ಉಡುಪಿಯ ಕಥೆ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕು ಶುರು ಮಾಡಿದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. 1928ರಲ್ಲಿ ಅವರು ಪಿಗ್ಮಿ ಅಂತ ಒಂದು ಯೋಜನೆ ತಂದರು. ಬ್ಯಾಂಕಿನ ಏಜೆಂಟ್ ದಿನಾ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ನನ್ನ ಅಜ್ಜಿಯ ಹತ್ತಿರ ಅಂಥ ಪುಸ್ತಕ ಇತ್ತು. ಅಕ್ಷರ ಬಾರದ ಅಜ್ಜಿಗೆ ಅದರಲ್ಲಿ ಎಷ್ಟಿದೆ ಅಂತ ಮಾತ್ರ ಪೈಸೆ ಪೈಸೆ ಗೊತ್ತಿತ್ತು.

ಪಿಗ್ಮಿ ಮತ್ತು ಸೋಮವಾರದ ಕಂತು ದೂರದಿಂದ ನೋಡಲಿಕ್ಕೆ ಒಂದೇ ಥರ. ಯಾರೋ ಒಬ್ಬ ಬರುತ್ತಾನೆ, ಸಣ್ಣ ಮೊತ್ತ ತೆಗೆದುಕೊಳ್ಳುತ್ತಾನೆ, ಬರೆದು ಹೋಗುತ್ತಾನೆ. ಆದರೆ ಪಿಗ್ಮಿಯವನಿಗೆ "ಇವತ್ತು ಇಲ್ಲ, ನಾಳೆ ಬಾ" ಅನ್ನಬಹುದಿತ್ತು. ಕಂತಿನವನಿಗೆ ಹಾಗೆ ಅನ್ನಲಿಕ್ಕೆ ಉಂಟಾ? ಬಡವರ ಮನೆಗೆ ಮೊದಲು ಬೇಕಾದದ್ದು ಸಾಲವಲ್ಲ, ಕೈಯಲ್ಲಿ ಇದ್ದದ್ದನ್ನು ಗಂಡನಿಗೂ ನೆಂಟರಿಗೂ ಕಾಣದ ಹಾಗೆ ಇಡಲಿಕ್ಕೆ ಒಂದು ಜಾಗ ಎಂಬ ನನ್ನ ನಂಬಿಕೆ ಅಲ್ಲಿಂದ ಬಂದದ್ದು. ಅಹಮದಾಬಾದಿನಲ್ಲಿ ಇಳಾ ಭಟ್ ಅವರ ಸೇವಾ ಎಂಬ ದುಡಿಯುವ ಹೆಂಗಸರ ಸಂಘಟನೆಯವರು 1974ರಲ್ಲಿ ಬ್ಯಾಂಕು ಕಟ್ಟಿದಾಗಲೂ ಹಾಗೆಯೇ: 4,000 ಜನ ತಲಾ 10 ರೂಪಾಯಿಯ ಪಾಲು ಹಾಕಿದರು. ಸಾಲ ಆಮೇಲೆ.

ಈಗ ನಮ್ಮ ಊರಿನ ದುಡ್ಡಿನ ಪಂಚಾಂಗ ನೋಡುವ. ಇಲ್ಲಿ ಕೂತ ಅಕ್ಕಂದಿರಲ್ಲಿ ಬೀಡಿ ಕಟ್ಟುವವರು ಎಷ್ಟು ಜನ? ಕೈ ಎತ್ತಬೇಕಾಗಿಲ್ಲ, ಬೆರಳು ನೋಡಿದರೆ ಗೊತ್ತಾಗುತ್ತದೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕಟ್ಟಿ ಕೊಟ್ಟು, ಸಾವಿರಕ್ಕೆ ಇಷ್ಟು ಅಂತ ಮಜೂರಿ. ಅದು ವಾರದ ದುಡ್ಡು. ವಾರದ ಕಂತಿಗೆ ಇದೊಂದೇ ಸರಿ ಹೊಂದುವ ಆದಾಯ. ಬೀಡಿ ಕೆಲಸ ಚೆನ್ನಾಗಿ ಸಿಗುತ್ತಿದ್ದ ಕಾಲದಲ್ಲಿ ನಮ್ಮ ಸೊಸೈಟಿಯಲ್ಲಿ ಬೀಡಿ ಕಟ್ಟುವವರ ಸಾಲ ವಸೂಲಾಗದೆ ಉಳಿದದ್ದು ಬಹಳ ಕಡಿಮೆ. ಈಗ ಬ್ರಾಂಚಿನವರು ವಾರಕ್ಕೆ ಮೂರೇ ದಿನದ ಎಲೆ ಕೊಟ್ಟರೆ ಕಂತು ಮಾತ್ರ ಮೂರು ದಿನದ್ದಾಗುವುದಿಲ್ಲ.

ಅಡಿಕೆ ಹಾಗಲ್ಲ. ಕೊಯ್ಲು ಮಳೆ ಮುಗಿದ ಮೇಲೆ ಶುರು. ಅಂಗಳದಲ್ಲಿ ಒಣಗಲಿಕ್ಕೆ ಒಂದೂವರೆ ತಿಂಗಳ ಬಿಸಿಲು ಬೇಕು. ಸುಲಿದು ಚಾಲಿ ಮಾಡಿ, ಧಾರಣೆ ನೋಡಿ ಕೊಡಬೇಕು. ಕೈಗೆ ದುಡ್ಡು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದರ ನಡುವೆ ಜೂನಿಗೆ ಮಕ್ಕಳ ಶಾಲೆ, ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ, ಮದ್ದು ಬಿಡುವವನ ಮಜೂರಿ. ಕೊಳೆರೋಗ ಬಂದ ವರ್ಷ ಈ ಖರ್ಚು ಎರಡು ಪಾಲು, ಆದಾಯ ಅರ್ಧ. ತೋಟ ಇದ್ದವನದ್ದು ಹೀಗಾದರೆ ತೋಟ ಇಲ್ಲದವನದ್ದು ಇನ್ನೂ ಮೊಂಡು ಲೆಕ್ಕ. ಅಡಿಕೆ ಕೊನೆ ಕೊಯ್ಯುವವನಿಗೆ ಮಳೆಗಾಲದಲ್ಲಿ ಕೆಲಸವಿಲ್ಲ. ಅಡಿಕೆ ಸುಲಿಯುವವಳಿಗೆ ಧನಿಗಳು ಅಡಿಕೆ ಕೊಡುವ ಮನಸ್ಸು ಮಾಡಿದಾಗ ಮಾತ್ರ ಕೆಲಸ. ಗೇರುಬೀಜ ಬೇಸಿಗೆಯ ಎರಡು ಮೂರು ತಿಂಗಳು. ಆಟಿಯಲ್ಲಿ ಎಂತದೂ ಇಲ್ಲ. ಹಿಂದಿನವರು ಆ ತಿಂಗಳಿಗೆ ಅಂತ ಹಲಸಿನ ಬೇಳೆಯನ್ನು ಮಣ್ಣಿನಲ್ಲಿ ಹುಗಿದಿಡುತ್ತಿದ್ದರು. ಈಗ ಬೇಳೆಯ ಬದಲು ಸಾಲ.

ಈ ಪಂಚಾಂಗದ ಮೇಲೆ 52 ಸೋಮವಾರ ತಂದು ಇಟ್ಟರೆ ಎಂತ ಆಗುತ್ತದೆ ಎಂಬುದಕ್ಕೆ ಒಂದು ದನದ ಕಥೆ ಹೇಳುತ್ತೇನೆ. ನಮ್ಮ ಸೊಸೈಟಿಗೆ ಬರುತ್ತಿದ್ದ ಒಬ್ಬ ಅಕ್ಕ, ಹೆಸರು ಬೇಡ, ಸಣ್ಣ ಸಾಲ ಕೊಡುವ ಒಂದು ಖಾಸಗಿ ಕಂಪನಿಯಿಂದ 30,000 ಸಾಲ ತೆಗೆದು ಗಬ್ಬದ ಜರ್ಸಿ ದನ ತಂದರು. ನಮ್ಮ ಕಾಸರಗೋಡು ಗಿಡ್ಡ ತಳಿಯ ದನ ಸಾಕಿದರೆ ಹುಲ್ಲು ಮೇದು ತನ್ನಷ್ಟಕ್ಕೆ ಇರುತ್ತದೆ, ಹಾಲು ಮಾತ್ರ ಮನೆಯ ಚಾಯಕ್ಕೆ ಸಾಕಾದರೆ ಪುಣ್ಯ. ಅದಕ್ಕೆ ಜರ್ಸಿ. ದನ ಕರು ಹಾಕಲಿಕ್ಕೆ ಇನ್ನೂ ಮೂರು ತಿಂಗಳಿತ್ತು. ಕಂತು ಶುರುವಾದದ್ದು ಎರಡನೇ ಸೋಮವಾರ. ಹಾಲು ಇಲ್ಲ, ಹಿಂಡಿ ಖರ್ಚು ಉಂಟು, ಕಂತು ಉಂಟು. ಆರನೇ ವಾರ ಅವರು ಇನ್ನೊಂದು ಕಂಪನಿಯಿಂದ ತೆಗೆದು ಮೊದಲಿನದಕ್ಕೆ ಕಟ್ಟಿದರು. ಆಮೇಲೆ ಕಿವಿಯದ್ದನ್ನು ಅಡವಿಟ್ಟರು. ದನ ಕರು ಹಾಕಿ ಹಾಲು ಡಿಪೋಗೆ ಹೋಗಲಿಕ್ಕೆ ಶುರುವಾಗುವಾಗ ಅವರ ಹತ್ತಿರ ಮೂರು ಸಾಲದ ಕಾರ್ಡು ಇತ್ತು. ಮಳೆಗಾಲದ ಒಳಗೆ ದನ ಮಾರಿದರು. ದನ ಒಳ್ಳೆಯದೇ, ಅಕ್ಕನೂ ಮೈಮುರಿದು ದುಡಿಯುವವರೇ. ಬಡ್ಡಿಯೂ ಊರಿನ ಬ್ಲೇಡಿನವರಷ್ಟು, ಅಂದರೆ ಮೀಟರ್ ಬಡ್ಡಿಯವರಷ್ಟು, ಇರಲಿಲ್ಲ. ಕಂತು ಮೂರು ತಿಂಗಳು ಬಿಟ್ಟು ಶುರುವಾಗುತ್ತಿದ್ದರೆ ಆ ದನ ಇವತ್ತಿಗೂ ಅವರ ಹಟ್ಟಿಯಲ್ಲಿ ಇರುತ್ತಿತ್ತು ಅಂತ ನನ್ನ ಲೆಕ್ಕ.

ಇದು ನನ್ನೊಬ್ಬನ ಲೆಕ್ಕ ಮಾತ್ರ ಅಲ್ಲ. ಕೋಲ್ಕತ್ತದಲ್ಲಿ ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಜತೆಯವರು ಇದನ್ನೇ ಪರೀಕ್ಷೆ ಮಾಡಿದರು, 2013ರಲ್ಲಿ ಪ್ರಕಟವಾಯಿತು. ಸಾಲ ತೆಗೆದ ಕೆಲವರಿಗೆ ಎರಡು ವಾರಕ್ಕೇ ಕಂತು, ಇನ್ನು ಕೆಲವರಿಗೆ ಎರಡು ತಿಂಗಳ ಬಿಡುವು. ಬಿಡುವು ಸಿಕ್ಕಿದವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದರು, ಮೂರು ವರ್ಷದ ಮೇಲೆ ನೋಡಿದಾಗ ಅವರ ಲಾಭವೂ ಹೆಚ್ಚಿತ್ತು. ಕಟ್ಟದೆ ಉಳಿದವರೂ ಅದೇ ಗುಂಪಿನಲ್ಲಿ ಹೆಚ್ಚು. ಕಂಪನಿಗಳು ಈ ಎರಡನೆಯ ವಾಕ್ಯ ಓದುತ್ತವೆ, ನಾವು ಮೊದಲನೆಯದನ್ನು. ನಾನು ಸಾಲ ಕೊಡುವ ಕಡೆ ಕೂತವನಾದ್ದರಿಂದ ಅವರ ಹೆದರಿಕೆಯನ್ನು ತಮಾಷೆ ಮಾಡುವುದಿಲ್ಲ. ವಾರದ ಕಂತು ತಪ್ಪಿದರೆ ಎಂಟು ದಿನದಲ್ಲಿ ಗೊತ್ತಾಗುತ್ತದೆ. ವರ್ಷದ ಕಂತು ತಪ್ಪಿತು ಅಂತ ಗೊತ್ತಾಗುವಾಗ ಆಸಾಮಿ ಗಲ್ಫಿಗೆ ಹೋಗಿ ಆರು ತಿಂಗಳಾಗಿರುತ್ತದೆ.

ಇನ್ನು "ಸಾಲದ ಉದ್ದೇಶ" ಎಂಬ ಆ ಗೆರೆ. ನನ್ನ ಮೇಜಿನ ಮೇಲೆ ಬಂದ ಅರ್ಜಿಗಳಲ್ಲಿ ದನ ಬಹಳ ಇತ್ತು. ಅಷ್ಟು ದನ ಇದ್ದಿದ್ದರೆ ನಮ್ಮ ಪಂಚಾಯತಿನಲ್ಲಿ ಮನುಷ್ಯರಿಗೆ ನಿಲ್ಲಲಿಕ್ಕೆ ಜಾಗ ಇರುತ್ತಿರಲಿಲ್ಲ. ಒಬ್ಬರ ದನ ಮಗಳ ಮದುವೆಯಾಗಿತ್ತು. ಇನ್ನೊಬ್ಬರದ್ದು ಮಂಗಳೂರಿನ ಆಸ್ಪತ್ರೆ. ಎಣ್ಮಕಜೆ ಕಡೆಯ ಒಂದು ಮನೆಯದ್ದು ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಹುಡುಗನ ಮದ್ದು. ಮತ್ತೊಬ್ಬರ ದನ ಸುರಂಗ. ಗುಡ್ಡಕ್ಕೆ ಅಡ್ಡ ತೋಡಿದ ಸುರಂಗದಲ್ಲಿ ನೀರು ಬಂದರೆ ತಲೆಮಾರಿಗೆ ಸಾಕು, ಪಾದೆ ಕಲ್ಲು ಸಿಕ್ಕಿದರೆ ಅಷ್ಟು ಕೋಲು ಉದ್ದ ತೋಡಿದ್ದೂ ದಂಡ. ಸುರಂಗಕ್ಕೆ ಅಂತ ಬರೆದರೆ ಸಾಲ ಮಂಜೂರು ಮಾಡುವ ನಿಯಮ ಇರಲಿಲ್ಲ. ಗೊತ್ತಿದ್ದೇ ನಾನು ದನ ಅಂತ ಬರೆದೆ. ತಪ್ಪು ಅನ್ನುವವರು ಅನ್ನಲಿ, ಆ ಸುರಂಗದಲ್ಲಿ ಈಗಲೂ ನೀರುಂಟು.

ನಾನು ಮೇಜಿನ ಹಿಂದೆ ಕಂಡದ್ದನ್ನು ದೊಡ್ಡ ವಿದ್ವಾಂಸರು ಅಳೆದು ನೋಡಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಮತ್ತು ಜತೆಯವರು ಹೈದರಾಬಾದಿನ 104 ಕೇರಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಲ್ಲಿ ಸಣ್ಣ ಸಾಲದ ಕಚೇರಿ ತೆರೆಸಿ, ಅರ್ಧದಲ್ಲಿ ತೆರೆಸದೆ ಬಿಟ್ಟರು. ವರ್ಷ ಒಂದೂವರೆ ಕಳೆದ ಮೇಲೆ ನೋಡಿದರೆ: ಮೊದಲೇ ವ್ಯಾಪಾರ ಇದ್ದವರು ಇನ್ನಷ್ಟು ಹಾಕಿ ಬೆಳೆಸಿದ್ದರು, ಮನೆಗೆ ಸಾಮಾನು ಬಂದಿತ್ತು, ಚಾಯ, ಹೊಗೆಸೊಪ್ಪಿನಂಥ ಖರ್ಚು ಸ್ವಲ್ಪ ಇಳಿದಿತ್ತು. ಆದರೆ ಒಟ್ಟು ಮನೆಖರ್ಚು, ಮಕ್ಕಳ ಓದು, ಆರೋಗ್ಯ, ಹೆಂಗಸರ ಮಾತಿಗೆ ಮನೆಯಲ್ಲಿ ಸಿಗುವ ಬೆಲೆ, ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥದ್ದೇ ಪರೀಕ್ಷೆಗಳು ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊದಲ್ಲೂ ನಡೆದು, 2015ರಲ್ಲಿ ಆರೂ ಒಟ್ಟಿಗೆ ಅಚ್ಚಾದವು. ಎಲ್ಲ ಕಡೆ ಹೆಚ್ಚು ಕಡಿಮೆ ಇದೇ ಮಾತು. ಸಾಲ ಬಂದ ಕೇರಿ ಶ್ರೀಮಂತ ಆಗಲಿಲ್ಲ, ಹಾಳೂ ಆಗಲಿಲ್ಲ. ನೊಬೆಲ್ ತಂದ ಕಥೆಗೆ ಇದು ಸಪ್ಪೆ ಅನಿಸಬಹುದು. ನನಗೆ ನೆಮ್ಮದಿ ಅನಿಸಿತು. ಸಾಲ ಅಂದರೆ ಸಾಲ, ಅಷ್ಟೆ.

ಹಾಳಾಗಲಿಲ್ಲ ಅಂದದ್ದು ಸರಾಸರಿಯ ಮಾತು. ಅದೇ ಆಂಧ್ರದಲ್ಲಿ 2010ರಲ್ಲಿ ಏನಾಯಿತು ಎಂಬುದು ನಿಮಗೆ ನೆನಪಿರಬಹುದು. ಒಂದೇ ಮನೆಗೆ ನಾಲ್ಕೈದು ಕಂಪನಿಗಳ ಸಾಲ. ಆ ವರ್ಷದ ಆಗಸ್ಟಿನಲ್ಲಿ ಒಂದು ದೊಡ್ಡ ಕಂಪನಿ ಷೇರುಪೇಟೆಗೆ ಹೋಗಿ ದುಡ್ಡು ಬಾಚಿತು. ಅಷ್ಟರಲ್ಲಿ ಹಳ್ಳಿಗಳಿಂದ ಆತ್ಮಹತ್ಯೆಯ ಸುದ್ದಿ. ಅಕ್ಟೋಬರಿನಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು, ವಸೂಲಿ ನಿಂತೇಹೋಯಿತು. ಇದನ್ನು ವಿಚಾರಿಸಲಿಕ್ಕೆ ಮಾಲೆಗಾಂ ಸಮಿತಿ ಕೂತು, 2011ರ ಕೊನೆಗೆ ರಿಸರ್ವ್ ಬ್ಯಾಂಕ್ ಇಂಥ ಕಂಪನಿಗಳಿಗೆ ಬೇರೆಯೇ ನಿಯಮ ಮಾಡಿತು. ಆಂಧ್ರದ ಪಾಠ ಗುಂಪಿನ ಬಗ್ಗೆ. ಐದು ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು ಅಂದರೆ ಕೇಳಲಿಕ್ಕೆ ಚಂದ. ಒಬ್ಬಳ ಕಂತು ತಪ್ಪಿದ ಸೋಮವಾರ ಉಳಿದವರನ್ನೂ ಬಿಸಿಲಲ್ಲಿ ಕೂರಿಸಿದರೆ ಮಾತ್ರ ನೆರೆಕರೆಯವರೇ ವಸೂಲಿಯವರಾಗುತ್ತಾರೆ. ಬಾವಿಯಿಂದ ನೀರು ಸೇದುವಾಗ ಮುಖ ನೋಡಲಿಕ್ಕಾಗದ ಸ್ಥಿತಿ. ಗ್ರಾಮೀಣ ಬ್ಯಾಂಕು ತಾನೇ 2002ರ ಹೊತ್ತಿಗೆ ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂಬುದನ್ನು ಕೈಬಿಟ್ಟು, ಕಂತನ್ನೂ ಸಡಿಲ ಮಾಡಿತು. ಅಲ್ಲಿ ಬಿಟ್ಟದ್ದನ್ನು ನಮ್ಮಲ್ಲಿ ಇನ್ನೂ ಹಿಡಿದುಕೊಂಡಿದ್ದಾರೆ.

ಬಡ್ಡಿಯ ವಿಷಯ ಬಿಟ್ಟರೆ ನೀವು ಬಿಡಲಿಕ್ಕಿಲ್ಲ, ಅದಕ್ಕೆ ಎರಡು ಲೆಕ್ಕ. ಏಜೆಂಟ್ ಬಂದು "ಬಡ್ಡಿ ನೂರಕ್ಕೆ 12 ಅಕ್ಕ, ಫ್ಲಾಟ್" ಅನ್ನುತ್ತಾನೆ. 10,000 ತೆಗೆದರೆ ವರ್ಷಕ್ಕೆ 1,200 ಬಡ್ಡಿ, ಒಟ್ಟು 11,200, ತಿಂಗಳಿಗೆ 933 ಕಟ್ಟಿ. ಆದರೆ 10,000 ನಿಮ್ಮ ಕೈಯಲ್ಲಿ ಇಡೀ ವರ್ಷ ಇರುವುದಿಲ್ಲವಲ್ಲ, ಆರು ತಿಂಗಳಿಗೆ ಅರ್ಧ ವಾಪಸು ಕೊಟ್ಟಾಗಿದೆ. ಕೊಟ್ಟ ದುಡ್ಡಿಗೂ ಬಡ್ಡಿ ಕಟ್ಟುತ್ತಿದ್ದೀರಿ. ಉಳಿದ ಅಸಲಿಗೆ ಮಾತ್ರ ಲೆಕ್ಕ ಹಾಕಿದರೆ ಅದು ನೂರಕ್ಕೆ 21ಕ್ಕೂ ಮೇಲೆ. ಇನ್ನೊಂದು ಪೇಟೆಯ ದಿನಕಂತು: 10,000 ಅಂತ ಬರೆಸಿ, 1,000 ಮೊದಲೇ ಮುರಿದು 9,000 ಕೊಟ್ಟು, ದಿನಕ್ಕೆ 100ರಂತೆ 100 ದಿನ. ಸಾವಿರ ರೂಪಾಯಿ ಅಲ್ಲವಾ ಅಂತ ಮೀನಿನ ಬುಟ್ಟಿಯವಳು ಹೇಳುತ್ತಾಳೆ. ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ 75ನ್ನು ದಾಟುತ್ತದೆ. ಆದರೂ ಅವಳು ಯಾಕೆ ತೆಗೆಯುತ್ತಾಳೆ? ಬೆಳಿಗ್ಗೆ ಮೀನು ಎತ್ತುತ್ತಾಳೆ, ಸಂಜೆಗೆ ದುಡ್ಡು. ದಿನದ ಆದಾಯಕ್ಕೆ ದಿನದ ಕಂತು. ಬಡ್ಡಿ ಕೊರಳು ಕೊಯ್ಯುತ್ತದೆ, ಕಂತು ಮಾತ್ರ ಅಳತೆಗೆ ಹೊಲಿಸಿದ ರವಕೆಯ ಹಾಗೆ ಕೂತಿದೆ. ಬ್ಯಾಂಕಿನವರು ಕಲಿಯಬೇಕಾದ್ದು ಬ್ಲೇಡಿನವರ ಹತ್ತಿರ ಏನಾದರೂ ಇದ್ದರೆ ಇಷ್ಟೇ. 2014ರಲ್ಲಿ ಕೇರಳ ಪೊಲೀಸರು ಆಪರೇಷನ್ ಕುಬೇರ ಅಂತ ಬ್ಲೇಡಿನವರ ಮೇಲೆ ದಾಳಿ ಮಾಡಿದರು. ದಾಳಿ ಆದ ಮರುದಿನ ಮೀನಿಗೆ ದುಡ್ಡು ಯಾರು ಕೊಡಬೇಕು ಎಂಬುದಕ್ಕೆ ಪೊಲೀಸರ ಹತ್ತಿರ ಉತ್ತರ ಇರಲಿಕ್ಕಿಲ್ಲ, ಅದು ಅವರ ಕೆಲಸವೂ ಅಲ್ಲ.

ಆ ಪ್ರಶ್ನೆಗೆ ಕೇರಳ ಸರಕಾರ 2018ರಲ್ಲಿ ಒಂದು ಉತ್ತರ ಕೊಟ್ಟಿತು, "ಮುಟ್ಟತ್ತೆ ಮುಲ್ಲ" ಅಂತ. ಅಂದರೆ ಅಂಗಳದ ಮಲ್ಲಿಗೆ. ಅಂಗಳದ ಮಲ್ಲಿಗೆಗೆ ಪರಿಮಳ ಇಲ್ಲ ಅಂತ ಮಲಯಾಳದ ಗಾದೆ, ನಮ್ಮ ಹಿತ್ತಲ ಗಿಡ ಮದ್ದಲ್ಲ ಅಂದ ಹಾಗೆ. ಸಹಕಾರಿ ಬ್ಯಾಂಕು ಕುಡುಂಬಶ್ರೀ ಎಂಬ ಸರಕಾರಿ ಯೋಜನೆಯ ಹೆಂಗಸರ ಘಟಕಕ್ಕೆ ನೂರಕ್ಕೆ 9ರಲ್ಲಿ ಕೊಟ್ಟು, ಅವರು ಮನೆಬಾಗಿಲಿಗೆ ಹೋಗಿ 12ರಲ್ಲಿ ಕೊಡುವುದು. ಕುಡುಂಬಶ್ರೀಯ ಬಗ್ಗೆ ನಾನು ನಿಮಗೆ ಹೇಳುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. 1998ರಲ್ಲಿ ಶುರುವಾಗಿ ಈಗ ಮೂರು ಲಕ್ಷದಷ್ಟು ನೆರೆಕರೆ ಗುಂಪು, ಅಂದರೆ ಅಯಲ್‌ಕೂಟ. ನನಗೆ ಅದರಲ್ಲಿ ಇಷ್ಟವಾದದ್ದು ಎರಡು. ವಾರ ವಾರ ಉಳಿತಾಯ ಮೊದಲು, ಸಾಲ ಆಮೇಲೆ. ನಮ್ಮ ಪಿಗ್ಮಿಯ ದಾರಿ. ಇನ್ನೊಂದು, ಯಾರು ಬಡವರು ಅಂತ ಗುರುತಿಸಲಿಕ್ಕೆ ಶುರುವಿನಲ್ಲಿ ಅವರು ಆದಾಯ ಕೇಳಲಿಲ್ಲ. ಆದಾಯ ಕೇಳಿದರೆ ಸುಳ್ಳು ಬರುತ್ತದೆ. ಮನೆ ಉಂಟಾ, ಕಕ್ಕೂಸು ಉಂಟಾ, ಕುಡಿಯುವ ನೀರು ಎಷ್ಟು ದೂರ, ಹೆಂಗಸೇ ನಡೆಸುವ ಮನೆಯಾ, ಹೀಗೆ ಒಂಬತ್ತು ಕೇಳಿದರು. ಇದು 1990ರ ದಶಕದ ಶುರುವಿನಲ್ಲಿ ಆಲಪ್ಪುಳದಲ್ಲಿ ಪರೀಕ್ಷೆಯಾಗಿ ಬಂದದ್ದು.

ಇನ್ನೊಂದು ಮಾತು ಗಡಿಯ ಕನ್ನಡಿಗರಾದ ನಮಗೆ ಮಾತ್ರ ಸಂಬಂಧಪಟ್ಟದ್ದು. ಮೊನ್ನೆ ಒಬ್ಬರ ಮನೆಯಲ್ಲಿ ಸಾಲದ ಕಾಗದ ನೋಡಿದೆ. ಒಂಬತ್ತು ಹಾಳೆ. ಅರ್ಧ ಇಂಗ್ಲಿಷು, ಅರ್ಧ ಮಲಯಾಳ. ಆ ಅಕ್ಕ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವರು, ಕನ್ನಡ ಪೇಪರು ದಿನಾ ಓದುತ್ತಾರೆ. ಒಂಬತ್ತು ಕಡೆ ಕನ್ನಡದಲ್ಲಿ ಸಹಿ ಹಾಕಿದ್ದರು, ಸಹಿಯ ಮೇಲೆ ಎಂತ ಬರೆದಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಸಾಕ್ಷರತೆಯಲ್ಲಿ ಮುಂದಿರುವ ರಾಜ್ಯದ ಅಕ್ಷರಸ್ಥೆ ತನ್ನ ಸಾಲದ ಮುಂದೆ ಹೆಬ್ಬೆಟ್ಟು. ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಸ್ಪಷ್ಟ ಉಂಟು. 2022ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಸಾಲದ ಕಾರ್ಡು, ಬಡ್ಡಿ ವಿವರದ ಹಾಳೆ ಸಾಲ ತೆಗೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ರಾಜ್ಯದ ಭಾಷೆ ಅಂತ ಇಲ್ಲ, ಅರ್ಥವಾಗುವ ಭಾಷೆ. ಕನ್ನಡದ ಹಕ್ಕು ಅಂತ ನಾವು ಬೋರ್ಡಿಗೆ, ಪರೀಕ್ಷೆಗೆ, ನೇಮಕಾತಿಗೆ ಹೋರಾಡಿದ್ದೇವೆ, ಹೋರಾಡಬೇಕಾದ್ದೇ. ಸಾಲದ ಕಾರ್ಡಿಗೆ ಯಾರೂ ಒಂದು ಅರ್ಜಿ ಕೊಟ್ಟದ್ದು ನಾನು ಕಂಡಿಲ್ಲ.

ಅದೇ ನಿಯಮಗಳಲ್ಲಿ ಇನ್ನೂ ಕೆಲವು ಉಂಟು, ಬರೆದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷದ ಒಳಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಟ್ಟದ್ದು ಈ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಯವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಕರೆಯುವ ಹಾಗಿಲ್ಲ. ಮೊದಲೇ ಕಟ್ಟಿ ಮುಗಿಸಿದರೆ ದಂಡ ಇಲ್ಲ. ಬಡ್ಡಿಗೆ ಮೊದಲಿದ್ದ ಮಿತಿಯನ್ನು ಮಾತ್ರ ಆ ಸಲ ತೆಗೆದುಹಾಕಿದರು, ಅದು ನನಗೆ ಸರಿ ಕಾಣುವುದಿಲ್ಲ. ಇದೆಲ್ಲದರ ನಡುವೆ ಯಾರೂ ಓದದ ಒಂದು ಸಾಲು ಉಂಟು: ಸಾಲ ತೆಗೆದವರ ಅಗತ್ಯಕ್ಕೆ ತಕ್ಕ ಹಾಗೆ ಕಂತಿನ ಅವಧಿ ಇಟ್ಟುಕೊಳ್ಳಲು ಪ್ರತಿ ಸಂಸ್ಥೆಯೂ ಒಂದು ನೀತಿ ಮಾಡಿರಬೇಕು. ಅಂದರೆ ವಾರವೇ ಆಗಬೇಕೆಂದಿಲ್ಲ. ಕೇಳಿದರೆ ತಿಂಗಳು, ಹದಿನೈದು ದಿನ. ನೀವು ಕೇಳಿದ್ದೀರಾ? ಕೇಳಬಹುದು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ?

2020ರ ಮಾರ್ಚಿನಲ್ಲಿ ಕಂತು ಒಮ್ಮೆ ನಿಂತಿತ್ತು. ಲಾಕ್‌ಡೌನು, ತಲಪ್ಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್, ಒಳರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಸತ್ತದ್ದು, ಅದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ. ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದವರಿಗೆ ಕೂಲಿಯೂ ನಿಂತಿತು. ರಿಸರ್ವ್ ಬ್ಯಾಂಕು ಮೊದಲು ಮೂರು ತಿಂಗಳು, ಮತ್ತೆ ಆಗಸ್ಟ್ 31ರ ತನಕ ಕಂತಿಗೆ ಬಿಡುವು ಕೊಟ್ಟಿತು. ಬಡ್ಡಿ ಮಾತ್ರ ಓಡುತ್ತಲೇ ಇತ್ತು, ಜನರಿಗೆ ಅದು ತಿಳಿದದ್ದು ಕೊನೆಯ ಕಂತು ಕಟ್ಟಿ ಕಾರ್ಡು ವಾಪಸು ಕೇಳಲಿಕ್ಕೆ ಹೋದಾಗ.

ಎಲ್ಲರಿಗೂ ಸಾಲ ಕೊಡಬೇಕು ಅನ್ನುವವರಿಗೆ ನನ್ನದೊಂದು ತಕರಾರು ಉಂಟು. ತೀರಾ ಕೆಳಗಿನವರಿಗೆ, ಮನೆಯಲ್ಲಿ ದುಡಿಯುವವರೇ ಇಲ್ಲದವರಿಗೆ, ಸಾಲ ಕೊಡುವುದು ಅಂದರೆ ಈಜು ಬಾರದವನ ಕೈಗೆ ಕಲ್ಲು ಕೊಟ್ಟ ಹಾಗೆ. ಬಾಂಗ್ಲಾದಲ್ಲೇ ಬ್ರ್ಯಾಕ್ ಎಂಬ ಸಂಸ್ಥೆ 2002ರಲ್ಲಿ ಇದನ್ನು ಒಪ್ಪಿಕೊಂಡು ಬೇರೆ ದಾರಿ ಹಿಡಿಯಿತು. ಸಾಲ ಅಲ್ಲ, ಆಡೋ ದನವೋ ಧರ್ಮಕ್ಕೆ. ಅದು ದುಡಿಯುವ ತನಕ ಊಟಕ್ಕೆ ಸಣ್ಣ ಸಹಾಯಧನ, ವಾರಕ್ಕೊಮ್ಮೆ ಬಂದು ವಿಚಾರಿಸುವವರು, ಸುಮಾರು ಎರಡು ವರ್ಷ. ಅದೇ ಕ್ರಮವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ನಡೆಸಿ ನೋಡಿದ ಫಲಿತಾಂಶ 2015ರಲ್ಲಿ ಬಂತು, ಹೆಚ್ಚಿನ ಕಡೆ ಸಹಾಯ ನಿಂತು ಒಂದು ವರ್ಷದ ಮೇಲೂ ಜನ ಮೊದಲಿಗಿಂತ ಮೇಲಿದ್ದರು. ಕೇರಳದಲ್ಲಿ ಅತಿ ಬಡವರು ಅಂತ 64,006 ಕುಟುಂಬ ಗುರುತಿಸಿ, ಒಂದೊಂದಕ್ಕೂ ಬೇರೆ ಬೇರೆ ಯೋಜನೆ ಮಾಡಿ, 2025ರ ನವೆಂಬರ್ 1ರಂದು ಅತಿ ಬಡತನ ಮುಗಿಯಿತು ಅಂತ ಘೋಷಿಸಿದರು. ಘೋಷಣೆಯ ಬಗ್ಗೆ ತಕರಾರು ಎತ್ತಿದ ಅರ್ಥಶಾಸ್ತ್ರಜ್ಞರಿದ್ದಾರೆ, ನನಗೂ ಸಂಶಯ ಉಂಟು. ಆದರೆ ಆ ಯೋಜನೆಗಳಲ್ಲಿ ಇದ್ದದ್ದು ಮದ್ದು, ಮನೆ, ಊಟ, ರೇಷನ್ ಕಾರ್ಡು, ಆಧಾರ್. ಎಷ್ಟೋ ಜನರಿಗೆ ಬೇಕಾದದ್ದು ಒಂದು ಕಾಗದ ಮಾತ್ರ.

ಪ್ರಶ್ನೆಗಳಿಗೆ ಅಂತ ಹತ್ತು ನಿಮಿಷ ಇಟ್ಟಿದ್ದರು, ಮುಕ್ಕಾಲು ಗಂಟೆ ಆಯಿತು. ಒಬ್ಬ ಹುಡುಗ ಮೊಬೈಲ್ ಆಪಿನ ಸಾಲ ಒಳ್ಳೆಯದಲ್ಲವಾ, ಯಾರ ಮುಂದೆಯೂ ಕೂರಬೇಕಾಗಿಲ್ಲ ಅಂದ. ನಿನ್ನ ಫೋನಿನಲ್ಲಿರುವ ಅಷ್ಟೂ ನಂಬರಿನವರ ಮುಂದೆ ಕೂರಬೇಕಾಗುತ್ತದೆ ಮಾರಾಯ ಅಂದೆ. ಹಿರಿಯರೊಬ್ಬರು ಕುರಿ, ಅಂದರೆ ಚೀಟಿ ಫಂಡು, ಹಾಕುವುದು ಒಳ್ಳೆಯದೋ ಸಾಲ ಒಳ್ಳೆಯದೋ ಅಂತ ಕೇಳಿದರು. ಗುರುತಿದ್ದವರ ಕುರಿ ಆದರೆ, ಅಥವಾ 1969ರಿಂದ ಸರಕಾರವೇ ನಡೆಸುವ ಕೆಎಸ್ಎಫ್ಇಯ ಚಿಟ್ಟಿ ಆದರೆ, ಕುರಿಯೇ ಒಳ್ಳೆಯದು. ಬೇಗ ಎತ್ತಿದವನಿಗೆ ಸಾಲ, ಕೊನೆಗೆ ಎತ್ತಿದವನಿಗೆ ಉಳಿತಾಯ. ಆದರೆ ಆಸ್ಪತ್ರೆಯ ಖರ್ಚು ನಿಮ್ಮ ಹೆಸರು ಬರುವ ತನಕ ಕಾಯುವುದಿಲ್ಲ ಎಂಬುದನ್ನೂ ಹೇಳಿದೆ.

ಸಭೆ ಮುಗಿದು ಕುರ್ಚಿ ಮಡಚುವಾಗ ಒಬ್ಬ ಅಕ್ಕ ಕೈಚೀಲದಿಂದ ಕಾರ್ಡು ತೆಗೆದರು. ಬಡ್ಡಿ ದರದ ಜಾಗ ಖಾಲಿ ಇತ್ತು. ಕೈಗೆ ಎಷ್ಟು ಬಂತು ಅಂತ ಕೇಳಿದೆ. ವಿಮೆ, ಫೀಸು ಮುರಿದು ಕೊಟ್ಟದ್ದರಿಂದ ಅವರಿಗೆ ಸರಿ ನೆನಪಿರಲಿಲ್ಲ, ಪಾಸ್‌ಬುಕ್ಕು ಮನೆಯಲ್ಲಿತ್ತು. ಆಮಂತ್ರಣ ಪತ್ರದ ಹಿಂದೆ ವಾರಗಳನ್ನು ಗೆರೆ ಹಾಕಿ ಎಣಿಸುವಷ್ಟರಲ್ಲಿ ಪೆರ್ಲ ಕಡೆಯ ಬಸ್ಸಿನ ಹಾರ್ನ್ ಕೇಳಿತು. ಪಾಸ್‌ಬುಕ್ಕು ತೆಗೆದುಕೊಂಡು ಬನ್ನಿ, ಕೂತು ಲೆಕ್ಕ ಮಾಡುವ ಅಂದೆ. ಅವರು ಮೆಟ್ಟಿಲು ಇಳಿಯುತ್ತಾ ತಿರುಗಿ, "ಸೋಮವಾರ ಬಿಟ್ಟು ಬೇರೆ ದಿನ ಹೇಳಿ ಅಣ್ಣ" ಅಂದರು.